ಹುಟ್ಟಿಸಿದವರಿಗೆ ಹುಲ್ಲು

1938ರ ಮಾರ್ಚ್ 1ನೇ ತಾರೀಖಿನ ಒಂದು ಚೆಕ್ಕು. ಮೊತ್ತ 412 ಡಾಲರ್. ಕೊಟ್ಟಿದ್ದು ನ್ಯೂಯಾರ್ಕಿನ ಡಿಟೆಕ್ಟಿವ್ ಕಾಮಿಕ್ಸ್, ಅಂದರೆ ಇವತ್ತಿನ ಡಿಸಿ. ಪಡೆದಿದ್ದು ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು. ಜೆರ್ರಿ ಸೀಗಲ್ ಕಥೆ ಬರೆಯುವವನು, ಜೋ ಶುಸ್ಟರ್ ಚಿತ್ರ ಬಿಡಿಸುವವನು. ಇಬ್ಬರಿಗೂ ಇಪ್ಪತ್ತಮೂರು ವರ್ಷ. 412ರಲ್ಲಿ 282 ಬೇರೆ ಕೆಲಸಗಳ ಬಾಬ್ತು. ಉಳಿದ 130 ಸೂಪರ್‌ಮ್ಯಾನ್ ಬಾಬ್ತು, ಪುಟಕ್ಕೆ 10ರಂತೆ 13 ಪುಟ. ಲೆಕ್ಕದಲ್ಲಿ ನಯಾಪೈಸೆ ತಪ್ಪಿಲ್ಲ. ತಪ್ಪಿದ್ದು ಹೆಸರಿನಲ್ಲಿ ಮಾತ್ರ. ಸೀಗಲ್‌ನ ಸ್ಪೆಲಿಂಗೂ ತಪ್ಪು, ಶುಸ್ಟರ್‌ನ ಸ್ಪೆಲಿಂಗೂ ತಪ್ಪು. ಹಾಗಾಗಿ ಚೆಕ್ಕಿನ ಬೆನ್ನಿಗೆ ಇಬ್ಬರೂ ಎರಡೆರಡು ಸಹಿ ಹಾಕಿದರು: ಒಂದು ಕಂಪನಿ ಇಟ್ಟ ಹೆಸರಿನಲ್ಲಿ, ಇನ್ನೊಂದು ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ.

ಕಂಪನಿಯನ್ನು ಬೈಯುವವರು ಇದನ್ನು ಗಮನಿಸಬೇಕು. ಹೆಸರು ಮರೆಸುವ ಕೆಲಸವನ್ನು ಅವರು ಹಿಂದಿನಿಂದ ಬಂದು ಮಾಡಲಿಲ್ಲ. ಮೊದಲ ದಿನದಿಂದಲೇ, ಲಿಖಿತವಾಗಿ, ಪಾರದರ್ಶಕವಾಗಿ ಶುರು ಮಾಡಿದ್ದರು.

ಚೆಕ್ಕಿನ ಜೊತೆಗೆ ಇನ್ನೊಂದು ಸಣ್ಣ ಕಾಗದವಿತ್ತು. ಪಾತ್ರ, ಕಥೆ, ಶೀರ್ಷಿಕೆ ಎಲ್ಲವೂ ಎಂದೆಂದಿಗೂ ಕಂಪನಿಗೆ ಸೇರಿದ್ದು ಎಂಬ ಒಕ್ಕಣೆ. ಸೂಪರ್‌ಮ್ಯಾನ್‌ಗೆ ಗೋಡೆಯಾಚೆಗಿನದೂ ಕಾಣುತ್ತದೆ ನಿಜ, ಆದರೆ ಅವನಿನ್ನೂ ಅಚ್ಚಾಗಿರಲಿಲ್ಲ, ಬಂದು ತಡೆಯಲು. ಹುಡುಗರು ಸಹಿ ಹಾಕಿದರು. ಜೂನ್ ತಿಂಗಳ ಸಂಚಿಕೆಯಾಗಿ, ಹತ್ತು ಸೆಂಟಿಗೆ, ಆ್ಯಕ್ಷನ್ ಕಾಮಿಕ್ಸ್ ಮಾರುಕಟ್ಟೆಗೆ ಬಂತು. ಆಮೇಲಿನದು ಜಗತ್ತಿಗೇ ಗೊತ್ತು.

ಮರುವರ್ಷ ಇನ್ನೊಬ್ಬ ಪ್ರಕಾಶಕ ವಂಡರ್ ಮ್ಯಾನ್ ಅಂತ ಸೂಪರ್‌ಮ್ಯಾನ್‌ನಂಥವನೇ ಒಬ್ಬನನ್ನು ತಂದ. ನಮ್ಮ ಡಿಸಿಯವರು ಕೆರಳಿ ಕೋರ್ಟಿಗೆ ಹೋದರು. ಬೇರೆಯವರ ಕಲ್ಪನೆಯನ್ನು ಕದಿಯುವುದು ಎಂಥ ಹೀನ ಕೆಲಸ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಟ್ಟು ಗೆದ್ದರು. ಸೂಪರ್‌ಮ್ಯಾನ್ ತಮ್ಮವನೇ ಎಂಬುದಕ್ಕೆ ಅವರು ಹಾಜರುಪಡಿಸಿದ ಪುರಾವೆ ಯಾವುದು ಗೊತ್ತೇ? ಅದೇ ಚೆಕ್ಕು. ಹೆಸರು ತಪ್ಪಿದ್ದ ಚೆಕ್ಕಿನ ಮೇಲೆ ನ್ಯಾಯಾಲಯದ ಮುದ್ರೆಯೂ ಬಿತ್ತು.

ಯುದ್ಧ ಬಂತು, ಸೀಗಲ್ ಸೈನ್ಯಕ್ಕೆ ಹೋದ. ಸೂಪರ್‌ಮ್ಯಾನ್ ಹುಡುಗನಾಗಿದ್ದಾಗ ಹೇಗಿದ್ದ ಎಂದು ಬರೆಯೋಣವೇ ಅಂತ ಅವನು ಹಿಂದೆಯೇ ಕೇಳಿದ್ದ, ಬೇಡ ಅಂದಿದ್ದರು. ದೇಶಕ್ಕಾಗಿ ಸಮವಸ್ತ್ರ ತೊಟ್ಟು ಅವನು ದೂರದಲ್ಲಿದ್ದಾಗ, 1945ರ ಹೊತ್ತಿಗೆ, ಸೂಪರ್‌ಬಾಯ್ ಅಚ್ಚಾಗಿ ಹೊರಬಂತು. ಅಪ್ಪ ಊರಲ್ಲಿಲ್ಲದಾಗ ಮಗುವಿಗೆ ನಾಮಕರಣ. 1947ರಲ್ಲಿ ಗೆಳೆಯರು ದಾವೆ ಹೂಡಿದರು. ಮರುವರ್ಷ ಸುಮಾರು 94 ಸಾವಿರ ಡಾಲರಿಗೆ ರಾಜಿಯಾಯಿತು, ವಕೀಲರ ಫೀಸೂ ಅದರಲ್ಲೇ. ದೊಡ್ಡವನೂ ಕಂಪನಿಗೆ, ಚಿಕ್ಕವನೂ ಕಂಪನಿಗೆ. ಅಲ್ಲಿಯವರೆಗೆ ಪುಟದ ಮೂಲೆಯಲ್ಲಿ ಬರುತ್ತಿದ್ದ ಇಬ್ಬರ ಹೆಸರೂ ಮಾಯ. ಸ್ಪೆಲಿಂಗ್ ತಪ್ಪುವ ಸಮಸ್ಯೆ ಶಾಶ್ವತವಾಗಿ ಬಗೆಹರಿಯಿತು.

ಇನ್ನೊಂದು ಔದಾರ್ಯವನ್ನೂ ಹೇಳಿಬಿಡಬೇಕು. ಹತ್ತು ವರ್ಷ ಕಳೆದ ಮೇಲೆ, ಕೈಯಲ್ಲಿ ಕಾಸಿಲ್ಲದ ಸೀಗಲ್‌ನನ್ನು ಕಂಪನಿ ವಾಪಸು ಕೆಲಸಕ್ಕೆ ಕರೆದುಕೊಂಡಿತು. ಏನು ಕೆಲಸ? ಸೂಪರ್‌ಮ್ಯಾನ್ ಕಥೆ ಬರೆಯುವುದು. ಪುಟಕ್ಕಿಷ್ಟು ಎಂದು ಕೂಲಿ, ಹೆಸರು ಹಾಕುವುದಿಲ್ಲ. ಮಗ ಅರಮನೆ ಕಟ್ಟಿದ್ದಾನೆ, ಹಿತ್ತಲಲ್ಲಿ ಅಪ್ಪ ಸೌದೆ ಒಡೆಯುತ್ತಿದ್ದಾನೆ, ಬಂದ ನೆಂಟರಿಗೆ ಅವನು ಯಾರೆಂದು ಹೇಳುವಂತಿಲ್ಲ. ಅಪ್ಪ ಹಕ್ಕಿನ ಮಾತು ಮತ್ತೆ ಎತ್ತಿದ. ಸೌದೆಯ ಕೆಲಸವೂ ಹೋಯಿತು.

1975ರ ಹೊತ್ತಿಗೆ ಸೀಗಲ್ ಲಾಸ್ ಏಂಜಲೀಸಿನಲ್ಲಿ ಟಪಾಲು ಗುಮಾಸ್ತ, ವರ್ಷಕ್ಕೆ 7 ಸಾವಿರ ಡಾಲರ್ ಸಂಬಳ. ಶುಸ್ಟರ್‌ಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ತಮ್ಮನ ಮನೆಯಲ್ಲಿದ್ದ. ಅದೇ ಹೊತ್ತಿಗೆ ಕೋಟಿಗಟ್ಟಲೆ ಸುರಿದು ಸೂಪರ್‌ಮ್ಯಾನ್ ಸಿನಿಮಾ ಮಾಡುವ ಸುದ್ದಿ. ಸೀಗಲ್ ಟೈಪ್‌ರೈಟರ್ ಮುಂದೆ ಕೂತು ಪುಟಗಟ್ಟಲೆ ಪತ್ರಿಕಾ ಹೇಳಿಕೆ ಕುಟ್ಟಿದ. ಅದರಲ್ಲಿ ಆ ಸಿನಿಮಾಕ್ಕೆ ಶಾಪ ಹಾಕಿದ. ಉತ್ಪ್ರೇಕ್ಷೆಯಲ್ಲ, ನಮ್ಮ ಪುರಾಣದ ಋಷಿಗಳ ಹಾಗೆ ಅಕ್ಷರಶಃ ಶಾಪ. ದರ್ಭೆ, ಕಮಂಡಲು ಇರಲಿಲ್ಲ ಅಷ್ಟೆ.

ಸಿನಿಮಾಕ್ಕೆ ಏನೂ ತಟ್ಟಲಿಲ್ಲ, 1978ರಲ್ಲಿ ಬಂದು ಭರ್ಜರಿ ಓಡಿತು. ತಟ್ಟಿದ್ದು ಪತ್ರಿಕೆಗಳಿಗೆ. ನೀಲ್ ಆ್ಯಡಮ್ಸ್, ಜೆರ್ರಿ ರಾಬಿನ್ಸನ್ ಥರದ ಕಲಾವಿದರು ಬೆನ್ನಿಗೆ ನಿಂತು ಗದ್ದಲ ಎಬ್ಬಿಸಿದರು. ಡಿಸಿಯ ಯಜಮಾನರಾದ ವಾರ್ನರ್‌ನವರಿಗೆ, ಕ್ರಿಸ್‌ಮಸ್ ಎರಡು ದಿನ ಇದೆ ಅನ್ನುವಾಗ, ಆ 1975ರಲ್ಲೇ, ಅಂತಃಕರಣ ಎಚ್ಚರವಾಯಿತು. ಕಾನೂನಿನ ಹೊಣೆ ನಮಗಿಲ್ಲ, ಆದರೆ ನೈತಿಕ ಹೊಣೆ ಇದೆ ಅಂದರು. ಮೂವತ್ತೇಳು ವರ್ಷ ಹುಡುಕಿದ ಮೇಲೆ ಸಿಕ್ಕ ಹೊಣೆ. ತಲಾ ವರ್ಷಕ್ಕೆ 20 ಸಾವಿರ ಡಾಲರ್ ಪಿಂಚಣಿ, ಹೆಸರು ವಾಪಸು.

ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಅಂತ ಗಾದೆ. ಹುಟ್ಟಿಸಿದವರನ್ನೇ ಹುಲ್ಲಿಗೆ ಬಿಟ್ಟರೆ ಏನನ್ನಬೇಕೋ ನಮ್ಮ ಹಿರಿಯರು ಹೇಳಿಹೋಗಲಿಲ್ಲ.

ಆ ಚೆಕ್ಕು ಏನಾಯಿತು ಅಂದಿರಾ? ಹಳೇ ಕಾಗದವೆಂದು ಕಸಕ್ಕೆ ಹೊರಟಿತ್ತಂತೆ, ನೌಕರನೊಬ್ಬ ಎತ್ತಿಟ್ಟುಕೊಂಡ. 2012ರಲ್ಲಿ ಅದು 1,60,000 ಡಾಲರಿಗೆ ಹರಾಜಾಯಿತು. ಒಬ್ಬ ಅಪ್ಪನ ಎಂಟು ವರ್ಷದ ಪಿಂಚಣಿ! ಎಂದೋ ನಗದಾಗಿ ಸತ್ತುಹೋದ ಚೆಕ್ಕು. ಆನೆ ಸತ್ತರೂ ಸಾವಿರ ಅನ್ನುತ್ತೇವಲ್ಲ, ಇಲ್ಲಿ ಆನೆ ಚೆಕ್ಕು. ಮಾವುತರ ಬೆಲೆ ಅದರ ಮೇಲೇ ಬರೆದಿದೆ.

ಮಾರ್ವೆಲ್‌ನವರೇನು ಕಡಿಮೆಯಿಲ್ಲ. ಆ ಕಾಮಿಕ್ಸ್ ಕಂಪನಿಗೆ ಜ್ಯಾಕ್ ಕರ್ಬಿ ಎಂಬ ಕಲಾವಿದ ಬರೆದುಕೊಟ್ಟ ಚಿತ್ರದ ಪುಟಗಳು ಸಾವಿರಾರು. ಎಂಬತ್ತರ ದಶಕದಲ್ಲಿ ಕಲಾವಿದರ ಮೂಲ ಚಿತ್ರಗಳನ್ನು ಹಿಂದಿರುಗಿಸುವಾಗ ಉಳಿದವರಿಗೆ ಒಂದು ಪುಟದ ಒಪ್ಪಿಗೆ ಪತ್ರ, ಕರ್ಬಿಗೆ ನಾಲ್ಕು ಪುಟದ್ದು. ಅಷ್ಟಕ್ಕೂ ಸಹಿ ಹಾಕಿದರೆ ಸಿಗುವುದು 88 ಪುಟ. ಜಗಳವಾಡಿ, ಮಾನ ಹೋಗುವಷ್ಟಾದ ಮೇಲೆ ಎರಡು ಸಾವಿರದ ಆಸುಪಾಸು ಬಂತು.

ಆದರೂ ಈ ವಿದ್ಯೆಯಲ್ಲಿ ಕಂಪನಿಗಳನ್ನೂ ಮೀರಿಸಿದವನು ಚಿತ್ರಕಾರ ಬಾಬ್ ಕೇನ್. 1939ರಲ್ಲಿ ಅವನು ಬರೆದ ಬ್ಯಾಟ್‌ಮ್ಯಾನ್ ಕೆಂಪು ಬಿಗಿಯುಡುಪು, ಪುಟ್ಟ ಕಣ್ಣಪಟ್ಟಿ, ಹಲಗೆಯಂಥ ಎರಡು ರೆಕ್ಕೆ ಕಟ್ಟಿಕೊಂಡು, ನಾಟಕ ಕಂಪನಿಯ ಜಟಾಯುವಿನ ಹಾಗಿದ್ದ. ಬಿಲ್ ಫಿಂಗರ್ ಎಂಬ ಗೆಳೆಯ ತಲೆಗೆ ಕಿವಿಯುಳ್ಳ ಮುಸುಕು, ಬೆನ್ನಿಗೆ ನಿಲುವಂಗಿ, ಮೈಗೆ ಬೂದು ಬಣ್ಣ ಕೊಡಿಸಿದ. ಬ್ರೂಸ್ ವೇನ್ ಎಂಬ ಹೆಸರು, ಗಾಥಮ್ ಎಂಬ ಊರು ಅವನವೇ. ಕಥೆಗಳನ್ನೂ ಬರೆದ. ಡಿಸಿಯ ಕರಾರಿಗೆ ಸಹಿ ಹಾಕಿ ಹೆಸರು ಹಾಕಿಸಿಕೊಂಡವನು ಮಾತ್ರ ಕೇನ್. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುವುದಿದೆ, ಆದರೆ ಹಾವು ಎಂದೂ ಹುತ್ತ ನನ್ನದೇ ವಿನ್ಯಾಸ ಅಂದದ್ದಿಲ್ಲ.

ಫಿಂಗರ್ 1974ರಲ್ಲಿ ಬಡತನದಲ್ಲೇ ಸತ್ತ. ಹದಿನೈದು ವರ್ಷದ ಮೇಲೆ ಆತ್ಮಕಥೆಯಲ್ಲಿ ಕೇನ್ ಪಶ್ಚಾತ್ತಾಪ ಪಟ್ಟ, ಪಶ್ಚಾತ್ತಾಪಕ್ಕೆ ಖರ್ಚಿಲ್ಲವಲ್ಲ. ಕೇನ್‌ನ ಸಮಾಧಿಯ ಕಲ್ಲಿನ ಮೇಲೆ, ಈ ಕನಸನ್ನು ಅವನಿಗೆ ಕೊಟ್ಟವನು ದೇವರು ಎಂದು ಕೆತ್ತಿದೆ. ಅಂತೂ ದೇವರಿಗೆ ಕ್ರೆಡಿಟ್ ಸಿಕ್ಕಿತು. ಫಿಂಗರ್‌ಗೆ ಸಿಕ್ಕಿದ್ದು 2015ರಲ್ಲಿ, ಮೊಮ್ಮಗಳು ಓಡಾಡಿದ ಮೇಲೆ. ಅದೂ ಹೇಗೆ? ಸೃಷ್ಟಿ: ಬಾಬ್ ಕೇನ್, ಜೊತೆಗೆ ಬಿಲ್ ಫಿಂಗರ್. ಲಗ್ನಪತ್ರಿಕೆಯ ಅಡಿಯಲ್ಲಿ "ಮತ್ತು ಬಂಧುಮಿತ್ರರು" ಅಂತ ಇರುತ್ತದಲ್ಲ, ಹಾಗೆ.

ಫಿಂಗರ್‌ಗೆ ಸಮಾಧಿಯಿಲ್ಲ. ಮಗ ಚಿತಾಭಸ್ಮವನ್ನು ಆರೆಗನ್‌ನ ಕಡಲತೀರಕ್ಕೆ ಒಯ್ದು, ಮರಳ ಮೇಲೆ ಬಾವಲಿಯ ಆಕಾರದಲ್ಲಿ ಸುರಿದನಂತೆ. ಆ ಲಾಂಛನ ಕಂಪನಿಯ ಸ್ವತ್ತು, ಪರವಾನಗಿ ಇಲ್ಲದೆ ಬಳಸುವಂತಿಲ್ಲ. ಸದ್ಯ, ನೋಟಿಸು ಬರುವ ಮೊದಲೇ ಅಲೆ ಬಂತು.