ಸ್ಪಷ್ಟನೆ: ಸರಾಯೆವೊದಲ್ಲಿ ಹಾಡಿದ್ದು ಐರನ್ ಮೇಡನ್ ತಂಡವಲ್ಲ

ಹೋದ ವಾರ 'ಸ್ಕ್ರೀಮ್ ಫಾರ್ ಮಿ ಸರಾಯೆವೊ' ಎಂಬ ಸಾಕ್ಷ್ಯಚಿತ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬೋಸ್ನಿಯಾ ಯುದ್ಧದ ನಡುವೆ ಐರನ್ ಮೇಡನ್ ಎಂಬ ಬ್ರಿಟಿಷ್ ರಾಕ್ ತಂಡ ಆ ದೇಶದ ರಾಜಧಾನಿ ಸರಾಯೆವೊಗೆ ಹೋಗಿ ಹಾಡಿತು ಅಂತ. ಅದು ತಪ್ಪು. ಅವಸರದಲ್ಲಿ ಬರೆದೆ, ಕ್ಷಮಿಸಿ.

ಹೋಗಿದ್ದು ಬ್ರೂಸ್ ಡಿಕಿನ್ಸನ್ ಮತ್ತು ಅವರ ಸ್ವಂತ ತಂಡ. ಐರನ್ ಮೇಡನ್‌ನ ಗಾಯಕ ಎಂದೇ ಅವರು ಹೆಸರುವಾಸಿ, ನಿಜ. ಆದರೆ 1993ರಲ್ಲೇ ಆ ತಂಡ ಬಿಟ್ಟಿದ್ದರು, ಮತ್ತೆ ಸೇರಿದ್ದು 1999ರಲ್ಲಿ. ಸರಾಯೆವೊ ಕಾರ್ಯಕ್ರಮ ನಡೆದದ್ದು 1994ರ ಡಿಸೆಂಬರ್ 14ರಂದು. ತಾರೀಖು ನೋಡಿದರೆ ಸಾಕು, ಲೆಕ್ಕ ಸಿಗುತ್ತದೆ ಅಲ್ವಾ?

ಫಾರ್ವರ್ಡ್ ಆಗುತ್ತಾ ಇನ್ನೊಂದು ಬಾಲವೂ ಸೇರಿಕೊಂಡಿದೆ: 'ಆ ಹಾಡು ಕೇಳಿ ಮುತ್ತಿಗೆಯೇ ನಿಂತಿತು.' ಕೇಳೋಕೆ ಚೆನ್ನಾಗಿದೆ, ಆದರೆ ಹಾಗಾಗಲಿಲ್ಲ. 1992ರ ಏಪ್ರಿಲ್‌ನಲ್ಲಿ ಶುರುವಾದ ಈ ಮುತ್ತಿಗೆ (ಬೋಸ್ನಿಯಾದ ಸರ್ಬ್ ಪಡೆಗಳು ಸರಾಯೆವೊವನ್ನು ಸುತ್ತುವರಿದಿದ್ದವು) ಮುಗಿದದ್ದು 1996ರ ಫೆಬ್ರವರಿಯಲ್ಲಿ. ಅಂದರೆ ಕಾರ್ಯಕ್ರಮ ಮುಗಿದ ಮೇಲೂ ಹದಿನಾಲ್ಕು ತಿಂಗಳು ಆ ಊರಿನವರು ಅದೇ ನರಕದಲ್ಲಿದ್ದರು.

ನಿಜ ಸಂಗತಿಯೇನು ಕಡಿಮೆಯೇ? ಪರಿಹಾರ ಸಾಮಗ್ರಿ ಸಾಗಿಸುವವರ ಲಾರಿ ಹತ್ತಿ, ಇಗ್ಮಾನ್ ಬೆಟ್ಟದ ದಾರಿಯಲ್ಲಿ ಡಿಕಿನ್ಸನ್ ಮತ್ತು ಅವರ ತಂಡ ಊರು ಸೇರಿದ್ದರು. ಅಂದು ಸಭಾಂಗಣದಲ್ಲಿದ್ದ ಹುಡುಗ ಹುಡುಗಿಯರು ಈಗ ನಡುವಯಸ್ಸಿನವರು. ಚಿತ್ರದಲ್ಲಿ ಅವರೂ ಮಾತಾಡುತ್ತಾರೆ. ನನಗಂತೂ ಡಿಕಿನ್ಸನ್‌ಗಿಂತ ಅವರ ಮುಖಗಳೇ ಜಾಸ್ತಿ ನೆನಪಿವೆ.

ಹಳೆಯ ಸಂದೇಶ ನಿಮ್ಮ ಗುಂಪಿನಲ್ಲಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿಬಿಡಿ.