ಹಿತ್ತಿಲ ಚಿಗಳಿ ಗೂಡು: ಬಿಡೋದಾ, ತೆಗೆಯೋದಾ?

ಪರ

ಕಾಸರಗೋಡಿನ ನಮ್ಮ ಕಡೆ ಹಿತ್ತಿಲು ಅಂದರೆ ಒಂದಷ್ಟು ತೆಂಗು, ಅಡಿಕೆ, ಹಲಸು, ಕಾಟು ಮಾವು, ಮೂಲೆಯಲ್ಲಿ ಗೇರು, ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಇಂಥ ಕಡೆ ಚಿಗಳಿ, ಅಂದರೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಬಂದೇ ಬರುತ್ತದೆ. ಗೂಡು ಕಂಡ ಕೂಡಲೇ ಸೂಟೆ ಕಟ್ಟಿ ಸುಡಲು ಹೊರಡುವವರೇ ಜಾಸ್ತಿ. ಸ್ವಲ್ಪ ತಡೆಯಿರಿ ಅಂತ ನನ್ನ ವಾದ.

ಗೇರು ಮರಕ್ಕೆ ದೊಡ್ಡ ಶತ್ರು ಟೀ ಸೊಳ್ಳೆ. ಹೆಸರಿಗಷ್ಟೇ ಸೊಳ್ಳೆ, ಅದು ತಿಗಣೆ ಜಾತಿಯ ಕೀಟ. ಮಳೆ ಮುಗಿದು ಮರ ಚಿಗುರುವ ಹೊತ್ತಿಗೆ ಬಂದು ಚಿಗುರು, ಹೂಗೊಂಚಲು, ಎಳೆ ಬೀಜ ಎಲ್ಲದರ ರಸ ಹೀರುತ್ತದೆ. ಚುಚ್ಚಿದಲ್ಲಿ ಕಪ್ಪು ಕಲೆ ಬೀಳುತ್ತದೆ, ಆಮೇಲೆ ಗೊಂಚಲೇ ಬೆಂಕಿ ತಾಗಿದಂತೆ ಒಣಗುತ್ತದೆ. ಇದನ್ನು ಕೊಲ್ಲಲೆಂದೇ ಅಲ್ವಾ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು? ಮುಂದೆ ಜನರ ಆರೋಗ್ಯ ಏನಾಯಿತು ಅಂತ, ಆ ವಿಷ ಬಿದ್ದ ಪಡ್ರೆ, ಎಣ್ಮಕಜೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದಕ್ಕೆ ತಡೆ ಹಾಕಿತು.

ಅದೇ ಟೀ ಸೊಳ್ಳೆಯನ್ನು ಚಿಗಳಿ ಬಿಟ್ಟಿಯಾಗಿ ಓಡಿಸುತ್ತದೆ. ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ಇದನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲೂ ನಮ್ಮ ಟೀ ಸೊಳ್ಳೆಯ ದಾಯಾದಿ ಕೀಟವೇ ಕಾಟ ಕೊಡುವುದು. ಚೀನಾದವರಂತೂ ಸುಮಾರು 1700 ವರ್ಷಗಳ ಹಿಂದೆಯೇ ಕಿತ್ತಳೆ ತೋಟಕ್ಕೆ ಈ ಇರುವೆಯ ಗೂಡನ್ನು ದುಡ್ಡು ಕೊಟ್ಟು ತರುತ್ತಿದ್ದರು. ಇರುವೆ ಓಡಾಡಲಿ ಅಂತ ಮರದಿಂದ ಮರಕ್ಕೆ ಬಿದಿರಿನ ಸಂಕ ಕಟ್ಟುವ ಪದ್ಧತಿಯೂ ಅಲ್ಲಿತ್ತು. ನಾವು ಮನೆಗೆ ತಾನಾಗಿ ಬಂದದ್ದನ್ನು ಸುಡುತ್ತೇವೆ.

ಗೂಡು ಕಟ್ಟುವುದನ್ನು ಒಮ್ಮೆ ಹತ್ತಿರದಿಂದ ನೋಡಿ, ಹತ್ತಿರ ಅಂದರೆ ಒಂದು ಮಾರು ದೂರದಿಂದ. ಎರಡು ಎಲೆಗಳ ಅಂಚಿಗೆ ಇರುವೆಗಳು ಸಾಲಾಗಿ ನಿಂತು ಎಳೆಯುತ್ತವೆ. ಎಲೆಗಳ ನಡುವೆ ಅಂತರ ಜಾಸ್ತಿ ಇದ್ದರೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು ಸರಪಳಿಯಾಗುತ್ತವೆ. ಅಂಚು ಕೂಡಿದ ಮೇಲೆ ಬೇರೆ ಕೆಲವು ಇರುವೆಗಳು ಬಾಯಲ್ಲಿ ಮರಿಹುಳು ಕಚ್ಚಿಕೊಂಡು ಬರುತ್ತವೆ. ನೂಲು ಬಿಡುವುದು ಆ ಮರಿಯೇ. ಅದನ್ನು ಈ ಎಲೆಗೆ ತಾಗಿಸಿ, ಆ ಎಲೆಗೆ ತಾಗಿಸಿ, ಹಾಗೇ ಆಚೀಚೆ ಆಡಿಸುತ್ತಾ ಹೊಲಿಯುತ್ತವೆ. ಅದೇ ಸಾಲಿನ ಪಕ್ಕದಲ್ಲಿ ಒಂದು ‘ಇರುವೆ’ ಮಾತ್ರ ಒಂಟಿಯಾಗಿ ಓಡಾಡುತ್ತಿದ್ದರೆ ಅದರ ಕಾಲು ಎಣಿಸಿ. ಎಂಟು ಸಿಕ್ಕರೆ ಅದು ಇರುವೆಯಲ್ಲ, ಚಿಗಳಿಯ ವೇಷ ಹಾಕಿದ ಜೇಡ. ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಎತ್ತಿ ಹಿಡಿದಿರುತ್ತದೆ. ಹೆದರಿಸಿದರೆ ನೂಲು ಬಿಟ್ಟು ಕೆಳಗೆ ಇಳಿದುಬಿಡುತ್ತದೆ, ಅಲ್ಲಿಗೆ ವೇಷ ಬಯಲು. ಗೂಡು ಸುಟ್ಟರೆ ಇದೂ ಹೋಯಿತು.

ಕಚ್ಚುವುದು ನಿಜ. ಮರ ಹತ್ತುವ ಮೊದಲು ಕೈಕಾಲಿಗೆ ಒಲೆಬೂದಿ ಹಚ್ಚಿಕೊಳ್ಳಿ, ಅಷ್ಟೇ.

ವಿರೋಧ

ಅಷ್ಟೇ ಅಂತೆ! ಬೂದಿ ಹಚ್ಚಿಕೊಂಡು ಒಂಟಿ ಏಣಿಯಲ್ಲಿ ನಿಂತು ಕಾಳುಮೆಣಸು ಕೊಯ್ದವರು ಈ ಮಾತು ಹೇಳಲಿ, ಒಪ್ಪುತ್ತೇನೆ. ಒಂದು ಕೈ ಬಳ್ಳಿಯಲ್ಲಿ, ಇನ್ನೊಂದು ಏಣಿಯಲ್ಲಿ, ಸೊಂಟದಲ್ಲಿ ಚೀಲ. ಆಗ ಅಂಗಿಯ ಕಾಲರಿನೊಳಗೆ ನಾಲ್ಕು ಚಿಗಳಿ ಇಳಿದರೆ ಯಾವ ಕೈ ಬಿಡುವುದು? ಅದು ಸುಮ್ನೆ ಕಚ್ಚಿ ಬಿಡುವ ಇರುವೆಯಲ್ಲ. ಕಚ್ಚಿದ ಗಾಯಕ್ಕೇ ಹೊಟ್ಟೆ ಬಗ್ಗಿಸಿ ಆಮ್ಲ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಏಣಿಯ ತುದಿಯಲ್ಲಿ ಗತಿ ಏನು? ಕೊಯ್ಯುವವರು ಸಿಗುವುದೇ ಕಷ್ಟವಾದ ಈ ಕಾಲದಲ್ಲಿ ಗೂಡು ನೋಡಿದ ಕೂಡಲೇ ಅವರು "ಅಣ್ಣಾ, ಆ ಮರ ನೀವೇ ಹತ್ತಿ" ಅಂತ ಮುಂದಿನ ಮರಕ್ಕೆ ಹೋಗುತ್ತಾರೆ. ತಪ್ಪೇನಿದೆ?

ಎಂಡೋಸಲ್ಫಾನ್ ಹೆಸರು ಎತ್ತಿದರೆ ಎದುರಿನವರ ಬಾಯಿ ಕಟ್ಟುತ್ತದೆ, ಅದು ಗೊತ್ತು. ಆದರೆ ಹೆಲಿಕಾಪ್ಟರ್ ಹಾರಿದ್ದು ಎಕರೆಗಟ್ಟಲೆ ತೋಟದ ಮೇಲೆ. ಹಿತ್ತಿಲಲ್ಲಿ ಇರುವ ಒಂದೆರಡು ಗೇರು ಮರಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ. ಚಿಗಳಿ ಬೇಡ ಅಂದವರೆಲ್ಲ ವಿಷದ ಪರ ಅನ್ನುವುದು ಯಾವ ನ್ಯಾಯ?

ಇನ್ನು ಪರದವರು ಪೂರ್ತಿ ಬಿಟ್ಟ ವಿಷಯ ಒಂದಿದೆ: ಚಿಗಳಿ ಕೀಟ ತಿನ್ನುತ್ತದೆ, ಸರಿ, ಸಾಕುವುದೂ ಅದೇ. ಪೇರಳೆ, ದಾಸವಾಳದ ಎಳೆ ರೆಂಬೆಗಳನ್ನು ಬಗ್ಗಿಸಿ ನೋಡಿ. ಬಿಳಿ ಹಿಟ್ಟು ತಿಗಣೆ ಅಂಟಿಕೊಂಡಿರುವಲ್ಲಿ ಚಿಗಳಿ ಕಾವಲು ನಿಂತಿರುತ್ತದೆ. ಹಿಟ್ಟು ತಿಗಣೆ ಸಿಹಿ ಅಂಟು ಬಿಡುತ್ತದೆ, ಇರುವೆ ಅದನ್ನು ಕುಡಿಯುತ್ತದೆ. ಬಾಡಿಗೆಗೆ ಬದಲಾಗಿ ರಕ್ಷಣೆ. ಹಿಟ್ಟು ತಿಗಣೆ ತಿನ್ನಲು ಬರುವ ಗುಲಗಂಜಿ ಹುಳುವನ್ನು ಹತ್ತಿರ ಸೇರಿಸುವುದಿಲ್ಲ. ಉಳಿದ ಅಂಟು ಎಲೆ ಮೇಲೆ ಬಿದ್ದು ಕಪ್ಪು ಬೂಸ್ಟು ಹಿಡಿಯುತ್ತದೆ. ಹೂವಿಗೆ ಬರುವ ಜೇನುನೊಣಕ್ಕೂ ಇದರ ಭಯ; ಚಿಗಳಿ ಕೂತ ಹೂವಿನ ಹತ್ತಿರ ಸುಳಿಯಲು ಅದು ಹಿಂಜರಿಯುತ್ತದೆ. ಜೇನುಪೆಟ್ಟಿಗೆ ಇಟ್ಟವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಮಕ್ಕಳು ಆಡುವ ಅಂಗಳ, ಬಟ್ಟೆ ಒಣಗಿಸುವ ಹಗ್ಗದ ಕಥೆ ಬೇರೆ. ಮರದಿಂದ ಮರಕ್ಕೆ ಸಂಕ ಕಟ್ಟಿದರು ಅಂದಿರಲ್ಲ, ನಮ್ಮಲ್ಲಿ ಆ ಹಗ್ಗವೇ ಸಂಕ. ಲುಂಗಿ ಕೊಡವದೆ ಉಟ್ಟವರಿಗೆ ಗೊತ್ತು.

ಸೂಟೆಯ ವಿಷಯದಲ್ಲಿ ಮಾತ್ರ ನಾನೂ ಪರದವರ ಜೊತೆ. ಒಂದು ಕುಟುಂಬದ್ದು ಹಲವು ಮರಗಳಲ್ಲಿ ಹಲವು ಗೂಡು, ರಾಣಿ ಇರುವುದು ಅದರಲ್ಲಿ ಒಂದರಲ್ಲಿ. ಕೈಗೆ ಸಿಕ್ಕಿದ್ದನ್ನು ಸುಟ್ಟರೆ ಕೊಂಬೆ ಕರಕಲಾಗುತ್ತದೆ, ಇರುವೆ ಪಕ್ಕದ ಕೊಂಬೆಯಲ್ಲಿ ಹೊಸದು ಕಟ್ಟುತ್ತದೆ. ಅದರ ಬದಲು ದಾರಿ ಕಡಿಯಿರಿ. ಮಾಡಿನ ಮೇಲೆ ಬಾಗಿದ ಮಾವಿನ ಕೊಂಬೆ, ಮೆಣಸಿನ ಬಳ್ಳಿಯ ಮರಕ್ಕೆ ತಾಗಿದ ರೆಂಬೆ ಸವರಿ. ಗೂಡಿರುವ ಕೊಂಬೆಯ ತುದಿಯನ್ನು ಉದ್ದ ಕೋಲಿನ ಕತ್ತಿಯಿಂದ ಕತ್ತರಿಸಿ ನೀರು ತುಂಬಿದ ಬಕೆಟಿಗೆ ಹಾಕಿ. ಮೂಲೆಯ ಗೇರು ಮರದಲ್ಲಿ ಬೇಕಾದರೆ ಇರಲಿ, ಅಲ್ಲಿ ಬೀಜ ಹೇಗೂ ನೆಲಕ್ಕೆ ಬಿದ್ದ ಮೇಲೆ ಹೆಕ್ಕುವುದು.