ನವಲಗುಂದ ದಾಟಿದ ಮೇಲಿನ ಆ ನೇರ ರಸ್ತೆ

ಹುಬ್ಬಳ್ಳಿಯಿಂದ ಬಾಗಲಕೋಟೆ ಕಡೆಗೆ ಬೈಕಿನಲ್ಲಿ ಹೋದವರಿಗೆ ನಾನು ಹೇಳುತ್ತಿರುವ ಜಾಗ ಗೊತ್ತಿರುತ್ತದೆ. ನವಲಗುಂದ ದಾಟಿದರೆ ಎರಡೂ ಕಡೆ ಎರೆ ಹೊಲ. ಮರ ಕಡಿಮೆ, ತಿರುವು ಇನ್ನೂ ಕಡಿಮೆ. ದೂರದಲ್ಲಿ ನರಗುಂದದ ಗುಡ್ಡ. ಎಷ್ಟೋ ಸಲ ಮುಂದೆ ಒಂದು ಗಾಡಿ ಇರುವುದಿಲ್ಲ, ಕನ್ನಡಿಯಲ್ಲೂ ಯಾರೂ ಕಾಣುವುದಿಲ್ಲ. ಅಂಥ ಕಡೆ ಕೈ ತಾನಾಗಿಯೇ ಆಕ್ಸಿಲರೇಟರ್ ತಿರುವುತ್ತದೆ.

ಆ ಸುಖ ಸುಳ್ಳು ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಅನುಭವಿಸಿದವನು. ನೂರು ದಾಟುತ್ತಿದ್ದಂತೆ ಗಾಳಿ ಎದೆಗೆ ಒತ್ತುತ್ತದೆ, ಮೈ ಬಗ್ಗಿ ಟ್ಯಾಂಕಿಗೆ ಹತ್ತಿರವಾಗುತ್ತದೆ. ಸಾಲದ ಕಂತು, ಆಫೀಸಿನ ಕಿರಿಕಿರಿ, ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ. ಮನೆಯ ಹಿರಿಯರು ಬೈಯುವಾಗ ಈ ಸುಖದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅದಕ್ಕೇ ಅವರು ಹೇಳಿದ್ದು ಹುಡುಗರ ಕಿವಿಗೆ ಬೀಳುವುದಿಲ್ಲ ಅನ್ನಿಸುತ್ತದೆ. ನನಗೂ ಬಿದ್ದಿರಲಿಲ್ಲ.

ಮೂರು ವರ್ಷದ ಹಿಂದೆ, ಡಿಸೆಂಬರ್. ಬೆಳಿಗ್ಗೆ ಹನ್ನೊಂದರ ಹೊತ್ತು. ನನ್ನದು 390 ಸಿಸಿ ಗಾಡಿ, ಮೀಟರ್ 130 ತೋರಿಸುತ್ತಿತ್ತು. ರಸ್ತೆ ಕಾದಿತ್ತು. ದೂರದಲ್ಲಿ ಡಾಂಬರಿನ ಮೇಲೆ ನೀರು ನಿಂತ ಹಾಗೆ ಬಿಸಿಲುಗುದುರೆ ಆಡುತ್ತಿತ್ತು. ಅದರೊಳಗೆ ಏನೋ ಹಳದಿ ಕಂಡಿತು. ಏನು ಅಂತ ತಿಳಿಯುವಷ್ಟರಲ್ಲಿ ಅದು ಎದುರಿಗೇ ಬಂದುಬಿಟ್ಟಿತ್ತು.

ಗೋವಿನಜೋಳ. ದಕ್ಷಿಣದ ಕಡೆಯವರು ಮೆಕ್ಕೆಜೋಳ ಅನ್ನುತ್ತೀರಲ್ಲ, ಅದೇ. ಅರ್ಧ ರಸ್ತೆಗೆ ಉದ್ದಕ್ಕೂ ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು.

ಬ್ರೇಕ್ ಹಿಡಿದೆ. ಎಬಿಎಸ್ ಕಟಕಟ ಅಂದಿತು. ಚಕ್ರ ಲಾಕ್ ಆಗದ ಹಾಗೆ ಎಬಿಎಸ್ ನೋಡಿಕೊಳ್ಳುತ್ತದೆ, ನಿಜ. ಆದರೆ ಟೈರಿನ ಕೆಳಗೆ ಉರುಳುವ ಕಾಳು ಇದ್ದರೆ ಅದು ಹಿಡಿತವನ್ನು ಎಲ್ಲಿಂದ ತರಬೇಕು? ಹಿಂದಿನ ಚಕ್ರ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಯಿತು. ಗಾಡಿ ಆ ಹಾಸಿನ ಉದ್ದಕ್ಕೂ ಜಾರುತ್ತಾ ಹೋಗಿ, ದಾಟಿದ ಮೇಲೆ ನಿಂತಿತು. ನಾನು ಬೀಳಲಿಲ್ಲ. ಅದು ನನ್ನ ಜಾಣತನದಿಂದ ಆಗಿದ್ದಲ್ಲ. ಅಂಚಿನ ಒಂದು ಕಲ್ಲು ಚಕ್ರಕ್ಕೆ ಸಿಕ್ಕಿದ್ದರೂ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಕಾಲು ನಡುಗುತ್ತಿತ್ತು. ರಸ್ತೆ ಬದಿಯಲ್ಲಿ ಕೂತಿದ್ದ ಅಜ್ಜ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಕಾಳು ಚೆಲ್ಲಾಪಿಲ್ಲಿ ಆಗಿತ್ತು, ಬೈಯುವ ಹಕ್ಕು ಅವರಿಗಿತ್ತು. ಅವರು ನನ್ನ ಮುಖ ನೋಡಿ ಕೇಳಿದ್ದು ಇಷ್ಟೇ: "ಮನ್ಯಾಗ ಯಾರಿಗರ ಆರಾಮಿಲ್ಲೇನು ತಮ್ಮಾ?"

ಮನೆಯಲ್ಲಿ ಯಾರೋ ಸಾಯುವ ಸ್ಥಿತಿಯಲ್ಲಿದ್ದರೆ ಮಾತ್ರ ಮನುಷ್ಯ ಹೀಗೆ ಓಡುತ್ತಾನೆ ಅಂತ ಅವರು ಅಂದುಕೊಂಡಿದ್ದರು. "ಇಲ್ಲ ಅಜ್ಜಾ, ಎಲ್ಲಾರೂ ಆರಾಮ ಅದಾರ" ಅಂದೆ. "ಮತ್ಯಾಕೋ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಹೆಲ್ಮೆಟ್ ತೆಗೆದಿಟ್ಟು ಅವರ ಜೊತೆ ಕಾಳು ಬಳಿಯಲು ಕೂತೆ. ಅರ್ಧ ಗಂಟೆ ಬೇಕಾಯಿತು.

ರಸ್ತೆ ಮೇಲೆ ಕಾಳು ಹರವುವುದು ತಪ್ಪಲ್ವಾ ಅಂತ ನೀವು ಕೇಳಬಹುದು. ತಪ್ಪೇ. ಅದರಿಂದ ಜನ ಬಿದ್ದಿದ್ದಾರೆ. ಆದರೆ ಆ ಅರ್ಧ ಗಂಟೆಯಲ್ಲಿ ಅಜ್ಜ ಹೇಳಿದ್ದನ್ನೂ ಕೇಳಿ. ಕಿತ್ತ ಹೊಸದರಲ್ಲಿ ಗೋವಿನಜೋಳದಲ್ಲಿ ನೀರಿನ ಅಂಶ ಜಾಸ್ತಿ. ಬೆಂಬಲ ಬೆಲೆಗೆ ಮಾರಬೇಕಾದರೆ ಅದು 14 ಪರ್ಸೆಂಟಿಗೆ ಇಳಿಯಬೇಕು. ಎರೆ ನೆಲ ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಅಂಟುತ್ತದೆ. ಗಟ್ಟಿಯಾದ, ಸಪಾಟಾದ, ಬೇಗ ಕಾಯುವ ಜಾಗ ಅಂದರೆ ಅವರ ಪಾಲಿಗೆ ಆ ಡಾಂಬರು ಒಂದೇ. ಪ್ರತಿ ಊರಿಗೂ ಸಿಮೆಂಟಿನ ಕಣ ಮಾಡಿಕೊಡಬೇಕು. ಅದನ್ನು ನಾವೆಲ್ಲ ಕೇಳಲೇಬೇಕು. ಅಲ್ಲಿಯವರೆಗೆ ನಾನು ಖಾಲಿ ಅಂದುಕೊಂಡ ರಸ್ತೆ ಅವರ ಕಣ. ಕುರಿ ಹಿಂಡು ದಾಟುವುದೂ ಅಲ್ಲೇ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಹೊಲದಿಂದ ಏರಿ ಬರುವುದೂ ಅಲ್ಲೇ.

ಮನೆಗೆ ಬಂದು ಲೆಕ್ಕ ಹಾಕಿದೆ. 130ರಲ್ಲಿ ಗಾಡಿ ಸೆಕೆಂಡಿಗೆ 36 ಮೀಟರ್ ಹೋಗುತ್ತದೆ. ಕಣ್ಣು ನೋಡಿ, ತಲೆಗೆ ತಿಳಿದು, ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕು ಅಂದುಕೊಳ್ಳಿ. 60ರಲ್ಲಿ ಹೋಗುತ್ತಿರುವವನು ಒಣ ರಸ್ತೆಯಲ್ಲಿ, ಆ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು 37 ಮೀಟರಿಗೆ ಪೂರ್ತಿ ನಿಲ್ಲುತ್ತಾನೆ. ಅವನು ನಿಂತ ಜಾಗದಲ್ಲಿ 130ರವನು ಆಗ ತಾನೇ ಬ್ರೇಕ್ ಹಿಡಿಯುತ್ತಿರುತ್ತಾನೆ. ನಿಲ್ಲಲು ಅವನಿಗೆ ಇನ್ನೂ 90 ಮೀಟರಿಗಿಂತ ಜಾಸ್ತಿ ಬೇಕು, ಅದೂ ಕಾಳಿಲ್ಲದ ರಸ್ತೆಯಲ್ಲಿ. ಈ ಲೆಕ್ಕವನ್ನು ದಯವಿಟ್ಟು ಇನ್ನೊಂದು ಸಲ ಓದಿ. ನಾನು ಹತ್ತು ಸಲ ಓದಿಕೊಂಡಿದ್ದೇನೆ.

ನೇರ ರಸ್ತೆ ಕಣ್ಣಿಗೂ ಮೋಸ ಮಾಡುತ್ತದೆ. ಘಾಟಿಯಲ್ಲಿ ಪ್ರತಿ ತಿರುವೂ ನಮ್ಮನ್ನು ಎಚ್ಚರಿಸುತ್ತದೆ. ಬಯಲಿನಲ್ಲಿ ಪಕ್ಕಕ್ಕೆ ಓಡುವ ಮರಗಳೇ ಇಲ್ಲ. ನರಗುಂದದ ಗುಡ್ಡ ಎಷ್ಟು ಹೊತ್ತಾದರೂ ಇದ್ದಲ್ಲೇ ಇರುತ್ತದೆ. ಅರ್ಧ ಗಂಟೆ 120ರಲ್ಲಿ ಹೋಗಿ 70ಕ್ಕೆ ಇಳಿಸಿದರೆ ಗಾಡಿ ನಿಂತೇ ಹೋಯಿತು ಅನ್ನಿಸುತ್ತದೆ. ಅದೇ ಭ್ರಮೆಯಲ್ಲಿ ಊರೊಳಗೆ ನುಗ್ಗುತ್ತೇವೆ.

1948ರಲ್ಲಿ ರೋಲಿ ಫ್ರೀ ಅನ್ನುವ ಅಮೆರಿಕನ್ ಸವಾರ ಈಜುಚಡ್ಡಿ ಹಾಕಿಕೊಂಡು, ಗಾಡಿಯ ಮೇಲೆ ಉದ್ದಕ್ಕೆ ಮಲಗಿ ಗಂಟೆಗೆ 150 ಮೈಲಿ ದಾಟಿದ. ಆ ಫೋಟೋ ನನ್ನ ಫೋನಿನಲ್ಲೂ ಇತ್ತು. ಅವನು ಓಡಿಸಿದ್ದು ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ. ಅಲ್ಲಿ ಹೊಲವಿಲ್ಲ, ಊರಿಲ್ಲ, ದನ ಹೊಡೆದುಕೊಂಡು ಬರುವ ಹುಡುಗಿ ಇಲ್ಲ. ನಮಗೂ ದೂರವೇನಿಲ್ಲ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿದೆ. ವೇಗ ಬೇಕು ಅನ್ನುವ ಹುಡುಗರು ದುಡ್ಡು ಕೂಡಿಸಿ ಅಲ್ಲಿಗೆ ಹೋಗಿ. ಮನಸಾರೆ ಹೇಳುತ್ತಿದ್ದೇನೆ.

ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಿತಿಯ ಪ್ರಕಾರ ಬೈಕಿಗೆ ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆಯಲ್ಲಿ 80, ಇಂಥ ಮಾಮೂಲಿ ರಸ್ತೆಯಲ್ಲಿ 60. ಮೊದಲು ಆ 60 ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. 20 ಕಿಲೋಮೀಟರ್ ನೇರ ರಸ್ತೆಗೆ 130ಕ್ಕೂ 60ಕ್ಕೂ ಇರುವ ವ್ಯತ್ಯಾಸ ಸುಮಾರು 11 ನಿಮಿಷ. ಈಗ 60ರಲ್ಲೇ ಹೋಗುತ್ತೇನೆ. ಎಂಜಿನ್ ಸದ್ದು ಕೇಳುತ್ತದೆ. ಕಡಲೆ ಹೊಲದ ಹುಳಿ ವಾಸನೆ ಹೆಲ್ಮೆಟ್ ಒಳಗೂ ಬರುತ್ತದೆ. ಗಾಳಿಯ ಅಬ್ಬರದಲ್ಲಿ ಇದು ಯಾವುದೂ ನನಗೆ ಗೊತ್ತೇ ಆಗಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಅದೇ ಜಾಗ ದಾಟಿದೆ. ಹಳದಿ ಹಾಸು ದೂರದಿಂದಲೇ ಕಂಡಿತು. ಅಜ್ಜ ಇರಲಿಲ್ಲ. ಒಬ್ಬ ಹೆಣ್ಣುಮಗಳು ತಲೆ ಮೇಲೆ ಸೆರಗು ಹೊದ್ದು, ಕಾಲಿನಿಂದ ಕಾಳು ತಿರುವುತ್ತಾ ಹೋಗುತ್ತಿದ್ದರು. ಗಾಡಿ ನಿಧಾನ ಮಾಡಿ ಬಲಕ್ಕೆ ತೆಗೆದುಕೊಂಡು ಮುಂದೆ ಹೋದೆ. ಅವರು ತಲೆ ಎತ್ತಿಯೂ ನೋಡಲಿಲ್ಲ.